ಲೋಕಲ್ ಗಾಡಿ ಡಬ್ಬಿ ಯಾರ ಕಡೆಯಿಂದ ತರಬೇಕು? ಅಗ್ಗದ್ದಾ, ಗಟ್ಟಿದಾ?

ಮುನಿರಾಬಾದ್ ಮಂದಿ
ನಮಸ್ಕಾರ್ರಿ ಎಲ್ಲಾರಿಗೂ. ನಿನ್ನೆ ಸಂಜಿ ಗಾಡಿಯೊಳಗ ಹತ್ತಿದ ಜಗಳ ಇನ್ನೂ ತಲಿಯಿಂದ ಇಳದಿಲ್ಲ, ಅದಕ್ಕ ಇಲ್ಲಿ ಹಾಕಾಕತ್ತೀನಿ.

ಬಳ್ಳಾರಿ, ಹೊಸಪೇಟಿ, ಕೊಪ್ಪಳ, ಗದಗ ನಡುವ ನೌಕರಿಗೆ ಅಂತ ದಿನಾ ಓಡಾಡೋರು ನಾವು ಬಾಳ ಮಂದಿ ಅದೀವಿ. ಮ್ಯಾಲ ಕರೆಂಟಿನ ತಂತಿ ಬಂತು, ಬಹುತೇಕ ಕಡೆ ಜೋಡಿ ಹಳಿನೂ ಆತು. ಇನ್ನ ಒಂದು ಛಲೋ ಮೆಮು (ಕರೆಂಟಿನ ಲೋಕಲ್ ಗಾಡಿ) ಕೊಡ್ರಿ ಅಂತ ಅರ್ಜಿ ಬರಿಯಾಕ ಕುಂತಿದ್ವಿ. "ಹೊಸಾ ಬೋಗಿ ಬೇಕು" ಅಂತ ಬರದ್ರ ಸಾಕು ಅಂದೆ ನಾನು. ನಮ್ಮ ಜೋಡಿ ಬರೋ ಬ್ಯಾಂಕಿನ ಮನಷ್ಯಾ ಒಬ್ಬಾಂವ "ಹೊಸಾದು ಅಂದ್ರ ಯಾರು ಮಾಡಿದ್ದು? ಅದನ್ನ ಬರೀರಿ. ಇಲ್ಲಾಂದ್ರ ಅಗ್ಗದ ಮಾಲು ತಂದು ನಿಲ್ಲಸ್ತಾರ" ಅಂದ. ಇನ್ನೊಬ್ಬಾಂವ "ದುಬಾರಿ ತಂದ್ರ ಪಾಸಿನ ರೊಕ್ಕ ನೀ ಕೊಡ್ತಿ ಏನು?" ಅಂದ. ಗಿಣಿಗೇರಿ ಬರೋತನ ಮುಗೀಲಿಲ್ಲ.

ಅಷ್ಟರೊಳಗ ನನ್ನ ಬಾಜೂಕಿನ ಕಿಟಕಿ ಶಟರ್ ಧಪ್ ಅಂತ ಬಿತ್ತು. ಅದರ ಚಿಲಕ ಸವದು ಎಷ್ಟೋ ವರ್ಷ ಆಗೈತಿ. ದಿನಾ ಬರೋರು ಪೇಪರ್ ಮಡಚಿ ಸಂದ್ಯಾಗ ತುರುಕಿ ನಿಲ್ಲಸ್ತೀವಿ, ಹೊಸಬ್ರು ಬೆರಳು ಕೊಡ್ತಾರ. ನಿನ್ನೆ ಒಂದು ಹುಡುಗನ ಕೈ ಸ್ವಲ್ಪದಾಗ ಉಳೀತು. ಕಮ್ಮಿ ರೇಟಿಗೆ ಮಾಡೋರಿಗೆ ಕೊಡೋದು ಶಾಣ್ಯಾತನ ಏನು, ಜಾಸ್ತಿ ಕೊಟ್ಟು ಗಟ್ಟಿ ಮಾಲು ತರೋದು ಶಾಣ್ಯಾತನ ಏನು? ತಿಳಿದೋರು ಹೇಳ್ರಿ.

ಬಳ್ಳಾರಿ ಬಿಸಿಲು
ಮೊದ್ಲು ಗಾಡಿ ಬರ್ಲಿ ಅಣ್ಣ. ಯಾರು ಮಾಡಿದ್ದು ಅಂತ ಆಮೇಲೆ ಹತ್ತಿ ನೋಡಾಣ.

ಹಳಿ ಹುಚ್ಚ
ನಿಮ್ಮ ಅರ್ಜಿ ನೋಡಿ ಯಾರೂ ಟೆಂಡರ್ ಕರೆಯೋದಿಲ್ಲ ಸರ್. ನಮ್ಮ ರೈಲ್ವೆಗೆ ಸ್ವಂತ ಕಾರ್ಖಾನೆಗಳೇ ಇವೆ. ಚೆನ್ನೈ ಪೆರಂಬೂರಿನ ಐಸಿಎಫ್ 1955ರಿಂದ ಡಬ್ಬಿ ಮಾಡ್ತಿದೆ, ಆಮೇಲೆ ಕಪುರ್ತಲಾ, ರಾಯ್‌ಬರೇಲಿ ಬಂದವು. ಮೆಮು ಬಂದರೆ ಬಹುತೇಕ ಇಂಥ ಕಡೆಯಿಂದಲೇ.

ಆದರೆ ನಿಮ್ಮ ಬ್ಯಾಂಕಿನವರ ಪ್ರಶ್ನೆಯಲ್ಲೂ ಅರ್ಥ ಇದೆ. ಡಬ್ಬಿಯ ಮೈ ಒಬ್ಬರದು, ಒಳಗಿನ ಮೋಟಾರು, ಕನ್ವರ್ಟರ್, ಕಂಟ್ರೋಲ್ ಇನ್ನೊಬ್ಬರದು. ಮುಂಬೈಯಲ್ಲಿ 2007ರಲ್ಲಿ ಬಂದ ಲೋಕಲ್‌ಗೆ ಎಲ್ಲರೂ ಸೀಮೆನ್ಸ್ ಗಾಡಿ ಅಂತಾರೆ, ಮೈ ಐಸಿಎಫ್‌ದು. ಆಮೇಲಿನ ಬಂಬಾರ್ಡಿಯರ್ ಗಾಡಿನೂ ಹಾಗೇ. ವಂದೇ ಭಾರತ್ ಐಸಿಎಫ್ ಮಾಡಿದ್ದು, ಮೊದಲ ಗಾಡಿಗಳ ವಿದ್ಯುತ್ ಸಾಮಾನು ಹೈದರಾಬಾದಿನ ಮೇಧಾದ್ದು. ಕೆಟ್ಟು ನಿಂತಾಗ ಬಹಳ ಸಲ ಕೈ ಕೊಡೋದು ಮೈ ಅಲ್ಲ, ಆ ಒಳಗಿನ ಸಾಮಾನು.

ಮತ್ತೊಂದು, ಬೇಜಾರು ಮಾಡ್ಕೋಬೇಡಿ. ನೀವು ಕೇಳ್ತಿರೋದು ಬೋಗಿ ಅಲ್ಲ, ಕೋಚ್. ಬೋಗಿ ಅಂದರೆ ಕೆಳಗೆ ನಾಲ್ಕು ಗಾಲಿ ಹೊತ್ತಿರೋ ಚೌಕಟ್ಟು. ಒಂದು ಡಬ್ಬಿಗೆ ಎರಡು ಬೋಗಿ.

ರಾಯಚೂರು ರೊಟ್ಟಿ
ನಮ್ ಅಜ್ಜಾರ ಕಾಲದಿಂದ ಡಬ್ಬಿಗಿ ಬೋಗಿ ಅಂತೀವಿ, ಪೇಪರ್‌ನಾಗೂ "ಹಳಿ ತಪ್ಪಿದ ಬೋಗಿ" ಅಂತನೇ ಬರ್ತದ. ಈಗ ನೀವ್ ಬಂದು ಚೌಕಟ್ಟು ಅಂದ್ರ ನಾವ್ ಬಿಡಬೇಕೇನ್ರಿ?

ಹಳಿ ಹುಚ್ಚ
ನಿಮ್ಮ ಪಕ್ಕದಲ್ಲೇ, ಯಾದಗಿರಿ ಜಿಲ್ಲೆ ಕಡೇಚೂರು-ಬಾಡಿಯಾಳದಲ್ಲಿ ರೈಲ್ವೆ ಬೋಗಿ ಕಾರ್ಖಾನೆ ಇದೆಯಲ್ಲ, ಅಲ್ಲಿ ಏನು ಮಾಡ್ತಾರೆ ಅಂದ್ಕೊಂಡಿದೀರಿ?

ರಾಯಚೂರು ರೊಟ್ಟಿ
ಡಬ್ಬಿ ಮಾಡ್ತಾರಂತ ತಿಳ್ಕೊಂಡಿದ್ದೆ 😀 ಊರಾಗ ಎಷ್ಟ್ ಮಂದಿಗಿ ಹೇಳೀನೋ ಏನೋ.

ಟೆಂಡರ್ ತಾತ
ಒಂದು ಇಲಾಖೆಯ ಖರೀದಿ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೂತು ಎದ್ದವನು ನಾನು. ಎಲ್-1 ಅಂದರೆ ಎಲ್ಲರೂ ಉಗಿಯುತ್ತಾರೆ. ಎಲ್-1 ಅಂದರೆ ಅಗ್ಗದ ಮಾಲು ಅಂತಲ್ಲಪ್ಪ. ನೀನು ಬರೆದ ಷರತ್ತು ದಾಟಿದವರಲ್ಲಿ ಕಡಿಮೆ ಕೇಳಿದವನು ಅಂತ. ಷರತ್ತೇ ಜಾಳುಜಾಳಾಗಿದ್ದರೆ ಅವನು ಏನು ಮಾಡಿಯಾನು?

ಒಂದು ಸಲ ಕುರ್ಚಿ ಖರೀದಿ ಬಂತು. "ಕಬ್ಬಿಣದ ಪೈಪಿನ ಕುರ್ಚಿ, ಬಣ್ಣ ಹಚ್ಚಿದ್ದು, ಹಿಂದೆ ಒರಗು" ಅಂತ ಬರೆದೆವು. ಪೈಪು ಎಷ್ಟು ದಪ್ಪ ಅಂತ ಬರೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ. ಗೆದ್ದವನು ಅಗರಬತ್ತಿ ಡಬ್ಬಿಯಷ್ಟು ತೆಳ್ಳಗಿನ ಪೈಪು ಹಾಕಿ ಕಳಿಸಿದ. ಬಣ್ಣ ಫಳಫಳ. ಮೊದಲ ಬೇಸಿಗೆಯಲ್ಲೇ ದಪ್ಪನೆಯ ಸಾಹೇಬರೊಬ್ಬರು ಮೀಟಿಂಗ್ ನಡುವೆ ಮೆಲ್ಲಗೆ, ಬಹಳ ಮೆಲ್ಲಗೆ, ನಮ್ಮ ಕಣ್ಣೆದುರೇ ಕೆಳಗಿಳಿದರು. ಯಾರೂ ನಗಲಿಲ್ಲ. ಮರುದಿನ ನೋಟಿಸು ಬಂದದ್ದು ಕುರ್ಚಿ ಕೊಟ್ಟವನಿಗಲ್ಲ, ನನಗೆ. ನ್ಯಾಯವೇ ಅದು.

ರೈಲು ಡಬ್ಬಿಯದೂ ಇದೇ ಕಥೆ. ಎಷ್ಟು ದಿನಕ್ಕೆ ಕೊಡಬೇಕು, ಎಷ್ಟು ಕಿಲೋಮೀಟರಿಗೆ ಒಮ್ಮೆ ಮಾತ್ರ ಕೆಡಬಹುದು, ಕೆಟ್ಟರೆ ಯಾರ ಖರ್ಚು, ಬಿಡಿಭಾಗ ಎಷ್ಟು ವರ್ಷ ಸಿಗಬೇಕು, ಇದನ್ನೆಲ್ಲ ಕಾಗದದಲ್ಲಿ ಕಟ್ಟಿಹಾಕಿದರೆ ಎಲ್-1 ಇಂದಲೂ ಚೆನ್ನಾದ ಮಾಲು ಬರುತ್ತದೆ.

ಸಿರುಗುಪ್ಪ ಇನ್ ಬೆಂಗಳೂರು
ತಾತ, ಕಾಗದದಲ್ಲಿ ಕಟ್ಟಿಹಾಕಿದ್ರೂ ಆಗದೇ ಇದ್ದದ್ದು ನಾವು ಕಣ್ಣಾರೆ ನೋಡಿದೀವಿ. ನಮ್ಮ ಮನೆ ಬೊಮ್ಮಸಂದ್ರ ಹತ್ರ. ಹಳದಿ ಮೆಟ್ರೋದ ಕಂಬ, ಸ್ಟೇಷನ್, ಎಸ್ಕಲೇಟರ್ ಎಲ್ಲಾ ರೆಡಿಯಾಗಿ ಧೂಳು ತಿಂತಾ ನಿಂತಿದ್ವು, ಗಾಡಿ ಮಾತ್ರ ಇಲ್ಲ. 2019ರ ಡಿಸೆಂಬರ್‌ನಲ್ಲಿ ಚೀನಾದ ಸಿಆರ್‌ಆರ್‌ಸಿಗೆ 216 ಡಬ್ಬಿ ಆರ್ಡರ್, 1,578 ಕೋಟಿ. ಹೊಸ ಲೈನ್ ಶುರುವಾಗಿದ್ದು 2025ರ ಆಗಸ್ಟ್ 10ಕ್ಕೆ, ಅದೂ ಮೂರೇ ಗಾಡಿ, 25 ನಿಮಿಷಕ್ಕೊಂದು. ಆ ಸಿಲ್ಕ್ ಬೋರ್ಡ್ ಜಾಮಿನಲ್ಲಿ ನಾನು ಕಳೆದ ಗಂಟೆಗಳನ್ನ ಯಾರ ಲೆಕ್ಕಕ್ಕೆ ಹಾಕೋದು?

ರಾಯಚೂರು ರೊಟ್ಟಿ
ಚೀನಾ ಮಾಲ್ ಅಂದ್ಮ್ಯಾಲ ಮುಗೀತು ಬಿಡ್ರಿ. ಜಾತ್ರ್ಯಾಗಿನ ಟಾರ್ಚ್ ಇದ್ದಂಗ, ಮನಿ ಮುಟ್ಟೋದ್ರಾಗ ಹೋಗಿರ್ತದ.

ಹಳಿ ಹುಚ್ಚ
ಇಲ್ಲ ಇಲ್ಲ, ಇದು ತಪ್ಪು. ಹಳದಿ ಲೈನಿನ ಗಾಡಿ ಕಳಪೆ ಅಂತ ತಡ ಆಗಿದ್ದಲ್ಲ. ಇಲ್ಲೇ ಕಾರ್ಖಾನೆ ಹಾಕಬೇಕು ಅಂತ ಷರತ್ತು ಇತ್ತು. 2020ರಲ್ಲಿ ಚೀನಾ ಬಂಡವಾಳಕ್ಕೆ ನಿರ್ಬಂಧ ಬಂತು, ಗಡಿ ಗಲಾಟೆನೂ ಆಯ್ತು, ಅವರು ಹಾಕೋಕೆ ಆಗಲಿಲ್ಲ. ಕೊನೆಗೆ ಬಂಗಾಳದ ಟಿಟಾಗಢ ಅನ್ನೋ ಕಂಪನಿ ಜೊತೆ ಸೇರಿ ಕೆಲಸ ಹಿಡಿದರು. ಮೊದಲ ಗಾಡಿ ಚೀನಾದಿಂದ ಬೆಂಗಳೂರಿಗೆ ಬಂದದ್ದು 2024ರ ಫೆಬ್ರವರಿಯಲ್ಲಿ, ಟಿಟಾಗಢದ್ದು ಮೊದಲನೆಯದು ಹೊರಟದ್ದು 2025ರ ಜನವರಿಯಲ್ಲಿ.

ಲೆಕ್ಕ ನೋಡಿ. 1,578 ಭಾಗಿಸು 216, ಡಬ್ಬಿಗೆ ಸುಮಾರು 7.3 ಕೋಟಿ. 2023ರಲ್ಲಿ ಅದೇ ಮೆಟ್ರೋಗೆ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಂಎಲ್ 318 ಡಬ್ಬಿಗೆ 3,177 ಕೋಟಿ, ಅಂದರೆ ಡಬ್ಬಿಗೆ ಹತ್ತಿರ 10 ಕೋಟಿ.

ಸಿರುಗುಪ್ಪ ಇನ್ ಬೆಂಗಳೂರು
ಹಾಗಾದ್ರೆ ಚೀನಾದ್ದೇ ಲಾಭ ಅಂತೀರಾ? ಡಬ್ಬಿಗೆ ಎರಡೂವರೆ ಕೋಟಿ ಉಳೀತಲ್ಲ!

ಟೆಂಡರ್ ತಾತ
ಆ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಡುವುದೇ ತಪ್ಪು ತಮ್ಮಾ. ನಡುವೆ ಸುಮಾರು ನಾಲ್ಕು ವರ್ಷ. ಬಿಇಎಂಎಲ್ ಕರಾರಿನಲ್ಲಿ 15 ವರ್ಷದವರೆಗಿನ ನಿರ್ವಹಣೆಯೂ ಸೇರಿದೆ. ಬೆಲೆ ಕೇಳುವ ಮುಂಚೆ ಆ ಬೆಲೆಗೆ ಏನೇನು ಅಂತ ಕೇಳು. ಹೋಟೆಲಿನಲ್ಲಿ ಪೂರಿಗೆ ಪಲ್ಯ ಸೇರಿದೆಯೋ ಇಲ್ಲವೋ ಕೇಳುವುದಿಲ್ಲವೇ?

ಬಳ್ಳಾರಿ ಬಿಸಿಲು
ನಾನು ಜೀನ್ಸ್ ಹೊಲಿಸೋ ಕೆಲಸದವನು, ರೈಲು ಗೊತ್ತಿಲ್ಲ. ಆದ್ರೆ ಇದು ನಮ್ಮ ದಿನನಿತ್ಯದ ಪಾಡೇ. ಒಬ್ಬ ಪಾರ್ಟಿ ಬಂದು ಪೀಸಿಗೆ ಹತ್ತು ರೂಪಾಯಿ ಕಮ್ಮಿ ಮಾಡು ಅಂತಾನೆ. ಬಟ್ಟೆಲಿ ಕಮ್ಮಿ ಮಾಡಿದ್ರೆ ಮುಟ್ಟಿದ ತಕ್ಷಣ ಗೊತ್ತಾಗುತ್ತೆ, ಹೊಲಿಗೆಲಿ ಮಾಡಿದ್ರೆ ಕಣ್ಣಿಗೆ ಕಾಣುತ್ತೆ. ಹಂಗಾಗಿ ಎಲ್ಲಿ ಮಾಡ್ತಾರೆ ಗೊತ್ತಾ? ಜಿಪ್ಪಲ್ಲಿ. ಅಂಗಡಿಲಿ ನಿಂತು ಜಿಪ್ಪನ್ನ ಐವತ್ತು ಸಲ ಎಳೆದು ನೋಡೋ ಗಿರಾಕಿನ ನಾನಂತೂ ನೋಡಿಲ್ಲ. ಮೂರು ತಿಂಗಳಿಗೆ ಹಲ್ಲು ಬಿಡುತ್ತೆ, ಅಷ್ಟೊತ್ತಿಗೆ ಹತ್ತು ರೂಪಾಯಿ ಉಳಿಸಿದವನು ಎಲ್ಲೋ, ಬಯ್ಯಿಸಿಕೊಳ್ಳೋನು ಎಲ್ಲೋ.

ಮುನಿರಾಬಾದ್ ಅಣ್ಣ ಹೇಳಿದ ಕಿಟಕಿ ಚಿಲಕ ಐತಲ್ಲ, ಅದು ರೈಲಿನ ಜಿಪ್ಪು.

ದಿನಾ ಹೋಗೋಳು
ಎಲ್ಲರೂ ಕೋಟಿ ಲೆಕ್ಕ ಹಾಕ್ತಿದೀರಿ, ಸಂತೋಷ. ನಾನು ಹೊಸಪೇಟೆಯಿಂದ ತೋರಣಗಲ್ಲಿಗೆ ದಿನಾ ಹೋಗೋಳು. ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ಇಳಿಯೋದು ನೋಡಿದೀರಾ? ಹೈ ಲೆವೆಲ್ ಪ್ಲಾಟ್‌ಫಾರ್ಮ್ ಅಂದ್ರೂ ಹಳಿಯಿಂದ 760ರಿಂದ 840 ಮಿಲಿಮೀಟರ್. ಡಬ್ಬಿ ನೆಲ ಅದಕ್ಕಿಂತ ಮೇಲೆ. ತಗ್ಗು ಪ್ಲಾಟ್‌ಫಾರ್ಮ್ ಆದ್ರೆ ಕೈಯಲ್ಲಿ ಮಗು, ಹೆಗಲಿಗೆ ಬ್ಯಾಗು, ಸೀರೆ ನೆರಿಗೆ ಹಿಡಿದು ಏಣಿ ಇಳಿದ ಹಾಗೆ ಇಳೀಬೇಕು. ಮೆಟ್ರೋ ತರದ ಗಾಡಿ ತಂದ್ರೆ ಮೆಟ್ಟಿಲೇ ಇರಲ್ಲ, ಕುಡತಿನಿಯಲ್ಲಿ ಹಾರೋದಾ?

ಯಾವ ಕಂಪನಿ ಆದ್ರೂ ಸರಿ. ಮೆಟ್ಟಿಲು ಸರಿ ಇರಲಿ, ಹಿಡಿಯೋಕೆ ಕಂಬಿ ಇರಲಿ, ಶೌಚಾಲಯದ ಬಾಗಿಲು ಒಳಗಿಂದ ಚಿಲಕ ಬೀಳಲಿ. ಈಗ ಒಂದು ಕೈಯಲ್ಲಿ ಬಾಗಿಲು ಹಿಡ್ಕೊಂಡೇ ಕೂತ್ಕೋಬೇಕು. ಇದನ್ನ ಬರೀರಿ ಅರ್ಜಿಯಲ್ಲಿ.

ಮುನಿರಾಬಾದ್ ಮಂದಿ
ಅಕ್ಕಾರ, ಬರಕೊಂಡೆ. ಖರೇನ ಹೇಳ್ತೀನಿ, ಮೆಟ್ಟಿಲದ್ದು ನನ್ನ ತಲಿಗೆ ಹೊಳದಿದ್ದಿಲ್ಲ.

ಡೊಂಬಿವಲಿ ರಿಟರ್ನ್
ಹನ್ನೊಂದು ವರ್ಷ ಮುಂಬೈ ಲೋಕಲ್‌ನಾಗ ನೇತಾಡಿ ಬಂದಾವ ನಾನು, ಈಗ ಕೊಪ್ಪಳದಾಗ ಅದೀನಿ. ಹಳೇ ಗಾಡ್ಯಾಗ ಉಸಿರು ಕಟ್ಟತಿತ್ತು. ಬಿಳಿ-ನೇರಳೆ ಬಣ್ಣದ ಹೊಸಾ ಗಾಡಿ ಬಂದಾಗ ಮ್ಯಾಲಿಂದ ಗಾಳಿ ಬರೂಹಂಗ ಮಾಡಿದ್ರು. ಅಷ್ಟಕ್ಕ ನಾವು "ಇದು ಬಿಟ್ಟು ಮುಂದಿಂದಕ್ಕ ಹೋಗೂಣು, ಅದು ಹೊಸಾದು" ಅಂತ ಕಾಯ್ತಿದ್ವಿ. ಯಾರು ಮಾಡಿದ್ದು, ಎಷ್ಟು ಕೋಟಿ, ಒಬ್ಬರಿಗೂ ಗೊತ್ತಿರಲಿಲ್ಲ. 2017ರ ಕ್ರಿಸ್‌ಮಸ್ ದಿನ ಏಸಿ ಲೋಕಲ್ ಶುರು ಆತು. ಮೊದಮೊದಲು ಟಿಕೆಟ್ ರೇಟ್ ಕೇಳಿ ಮಂದಿ ಹತ್ತಲೇ ಇಲ್ಲ, 2022ರಾಗ ರೇಟ್ ಇಳಿಸಿದ ಮ್ಯಾಲ ತುಂಬಿದ್ವು. ಗಾಡಿ ಎಷ್ಟು ಛಲೋ ಇದ್ರೂ ಪಾಸು ಕೈಗೆಟಕಬೇಕು.

ರಾಯಚೂರು ರೊಟ್ಟಿ
ಏಸಿ ಅಂದಕೂಡ್ಲೆ ನೆನಪಾತು. ಗುಜರಾತಿಗಿ 2024ರಾಗ ನಮೋ ಭಾರತ್ ಅಂತ ಏಸಿ ಗಾಡಿ ಕೊಟ್ಟಾರಲ್ಲ, ಭುಜ್‌ದಿಂದ ಅಹಮದಾಬಾದಿಗಿ, ರಿಸರ್ವೇಶನ್ ಇಲ್ದಂಗ ಹತ್ತೋದು. ನಮಗ್ಯಾಕ ಇಲ್ಲ? ಏಪ್ರಿಲ್‌ದಾಗ ರಾಯಚೂರು ಪ್ಲಾಟ್‌ಫಾರ್ಮ್ ಮ್ಯಾಲ ಒಂದು ತಾಸು ನಿಂತು ನೋಡ್ಲಿ ದಿಲ್ಲಿಯವ್ರು. ತಗಡಿನ ಡಬ್ಬಿಯೊಳಗ ರೊಟ್ಟಿ ಇಟ್ರ ತಾನೇ ಬೇಯ್ತದ.

ತೋರಣಗಲ್ ಫಿಟ್ಟರ್
ಏಸಿ ಗಾಡಿ ಕೇಳೋಕೆ ಮುಂಚೆ ಧೂಳಿನ ಮಾತಾಡಾಣ. ನಾನು ಇಲ್ಲೇ ಒಂದು ಪ್ಲಾಂಟಲ್ಲಿ ಮೇಂಟೆನೆನ್ಸ್ ಮಾಡ್ತೀನಿ. ಬೇರೆ ಊರಲ್ಲಿ ಆರು ತಿಂಗಳು ಬರೋ ಏರ್ ಫಿಲ್ಟರ್ ನಮ್ಮ ಕಡೆ ಅದಿರು ಧೂಳಿಗೆ ವಾರಗಳಲ್ಲೇ ಕೆಂಪು ಮಣ್ಣಿನ ಬಿಲ್ಲೆ ಆಗಿರುತ್ತೆ. ಫಿಲ್ಟರ್ ಕಟ್ಟಿದ್ರೆ ಗಾಳಿ ಹೋಗಲ್ಲ, ಮೋಟಾರ್ ಕಾಯುತ್ತೆ, ಕಂಟ್ರೋಲ್ ಪ್ಯಾನಲ್ ಕಾಯುತ್ತೆ, ಕೊನೆಗೆ ಟ್ರಿಪ್. ಹೊರಗೆ 42 ಡಿಗ್ರಿ ಇದ್ದಾಗ ಪ್ಯಾನಲ್ ಒಳಗೆ ಎಷ್ಟಿರುತ್ತೆ ಅಂತ ಕೈ ಇಟ್ಟು ನೋಡಿದವನಿಗೇ ಗೊತ್ತು.

ನಮ್ಮಲ್ಲಿ ಎರಡು ಕಂಪ್ರೆಸರ್ ಇದ್ವು. ಒಂದು ಫಾರಿನ್, ಬಹಳ ದುಬಾರಿ, ಕೆಡೋದೇ ಇಲ್ಲ. ಇನ್ನೊಂದು ನಮ್ಮ ಕಡೆಯದು, ಮೂರು ತಿಂಗಳಿಗೊಮ್ಮೆ ಏನಾದ್ರೂ ಒಂದು. ನಾವೆಲ್ಲ ಫಾರಿನ್‌ದನ್ನ ಹೊಗಳ್ತಿದ್ವಿ. ಒಂದು ದಿನ ಅದೂ ಕೆಟ್ಟಿತು. ಒಂದು ಸಣ್ಣ ಸೆನ್ಸರ್, ಬೆಂಕಿಪೊಟ್ಟಣದಷ್ಟು. ಬರೋಕೆ ಹನ್ನೊಂದು ವಾರ ಹಿಡೀತು. ಅಷ್ಟೂ ದಿನ ಪ್ಲಾಂಟ್ ನಡೆಸಿದ್ದು ಆ ಕೆಡೋ ಕಂಪ್ರೆಸರ್ರೇ, ಯಾಕಂದ್ರೆ ಅದರ ಸಾಮಾನು ಹೊಸಪೇಟೇಲೇ ಸಿಗ್ತಿತ್ತು. ಹಂಗಾಗಿ ನನ್ನ ಕೇಳಿದ್ರೆ ಮೊದಲ ಪ್ರಶ್ನೆ, ಸ್ಪೇರ್ ಎಲ್ಲಿಂದ ಬರುತ್ತೆ?

ಕಾರಟಗಿ ಭತ್ತ
ಫಿಟ್ಟರ್ ಅಣ್ಣ ಹೇಳಿದ್ದು ನೂರಕ್ಕ ನೂರು. ಸುಗ್ಗಿ ಇಪ್ಪತ್ತು ದಿನ. ಕೊಯ್ಯೋ ಮಷೀನ್ ಆ ಇಪ್ಪತ್ತು ದಿನದೊಳಗ ನಾಕು ದಿನ ನಿಂತ್ರ, ಉಳದ ಹನ್ನೊಂದು ತಿಂಗಳು ಅದು ಎಷ್ಟ್ ಛಂದ ಇದ್ರೇನ್ ಬಂತು.

ನಮ್ಮ ಕಾರಟಗಿಗೆ ರೈಲು ಬರ್ತೈತಿ ಅಂದಾಗ ನಗತಿದ್ರು. ಬಂತು, ಈಗ ಸಿಂಧನೂರಿಗೂ ಹೋಗೈತಿ. ರಾಯಚೂರಿಗೆ ಮುಟ್ಟಿದ ಮ್ಯಾಲ ನೋಡ್ರಿ ಮಜಾ.

ಬಳ್ಳಾರಿ ಬಿಸಿಲು
ಮುಟ್ಟಿದ ಮೇಲೆ ಹೇಳಿ, ಮಿರ್ಚಿ ನನ್ನ ಲೆಕ್ಕ.

ಹಳಿ ಹುಚ್ಚ
ದುಬಾರಿ ಎಂದರೆ ಗಟ್ಟಿ, ಅಗ್ಗ ಎಂದರೆ ಕಳಪೆ, ಈ ಎರಡನ್ನೂ ನಂಬಬೇಡಿ. ಅಮೆರಿಕದ ಫಿಲಡೆಲ್ಫಿಯಾದ ಕಥೆ ಕೇಳಿ. ಅಲ್ಲಿ ಸೆಪ್ಟಾ ಅಂತ ಸಂಸ್ಥೆ ಊರ ಸುತ್ತಿನ ಲೋಕಲ್ ಓಡಿಸುತ್ತೆ, ನಾವು ಕೇಳ್ತಿರೋ ತರದ್ದೇ. ಕೊರಿಯಾದ ಹ್ಯುಂಡೈ ರೋಟೆಮ್‌ನಿಂದ ಸಿಲ್ವರ್‌ಲೈನರ್-5 ಅನ್ನೋ 120 ಡಬ್ಬಿ ತಗೊಂಡ್ರು. 2016ರ ಜುಲೈ ಹೊತ್ತಿಗೆ ಒಬ್ಬ ತಪಾಸಣೆ ಮಾಡುವವನಿಗೆ ಒಂದು ಡಬ್ಬಿ ಸ್ವಲ್ಪ ವಾಲಿದಂತೆ ಕಂಡಿತು. ಬಗ್ಗಿ ನೋಡಿದರೆ ಬೋಗಿಯಲ್ಲಿ (ರೊಟ್ಟಿಯವರೇ, ಈ ಸಲ ನಿಜವಾದ ಬೋಗಿ) ಭಾರ ಹೊರೋ ಈಕ್ವಲೈಜರ್ ಬೀಮಿನಲ್ಲಿ ಬಿರುಕು. ಉಳಿದವನ್ನೂ ನೋಡಿದರು, ಬಹುತೇಕ ಎಲ್ಲದರಲ್ಲೂ ಬಿರುಕು. 120ನ್ನೂ ನಿಲ್ಲಿಸಿದರು. ಅವರ ಒಟ್ಟು ಡಬ್ಬಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅದು. ಮೈ, ಮೋಟಾರು ಎಲ್ಲಾ ಸರಿ ಇತ್ತು. ಕೈ ಕೊಟ್ಟದ್ದು ಒಂದು ಉಕ್ಕಿನ ತೊಲೆಯ ವೆಲ್ಡಿಂಗ್.

ಅದೇ ಸೆಪ್ಟಾ 2017ರಲ್ಲಿ 45 ಡಬಲ್ ಡೆಕ್ಕರ್ ಡಬ್ಬಿಗೆ ಟೆಂಡರ್ ಕರೆದು ಎಲ್ಲರಿಗಿಂತ ಕಡಿಮೆ ಹಾಕಿದ ಸಿಆರ್‌ಆರ್‌ಸಿಗೆ ಕೊಟ್ಟಿತು, 13.75 ಕೋಟಿ ಡಾಲರ್. ತಡ, ಗುಣಮಟ್ಟದ ತಕರಾರು, ಮತ್ತೆ ತಡ. 2024ರಲ್ಲಿ ಕರಾರೇ ರದ್ದು. ಒಂದು ಡಬ್ಬಿಯಲ್ಲೂ ಪ್ರಯಾಣಿಕ ಕೂರಲಿಲ್ಲ.

ಸಿರುಗುಪ್ಪ ಇನ್ ಬೆಂಗಳೂರು
ಬೋಸ್ಟನ್ ಲೋಕಲ್‌ಗೂ ಇದೇ ಕಂಪನಿ ಅಲ್ವಾ?

ಹಳಿ ಹುಚ್ಚ
ಬೋಸ್ಟನ್‌ನದು ಮೆಟ್ರೋ. 2014ರಲ್ಲಿ 284 ಡಬ್ಬಿಗೆ ಸುಮಾರು 56.6 ಕೋಟಿ ಡಾಲರ್, ಉಳಿದವರಿಗಿಂತ ಬಹಳ ಕಡಿಮೆ. ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೊಸ ಕಾರ್ಖಾನೆ ಹಾಕಿ, ಹೊಸ ಕೆಲಸಗಾರರನ್ನ ಇಟ್ಟು ಮಾಡಬೇಕಿತ್ತು. ವರ್ಷಗಟ್ಟಲೆ ತಡವಾಗಿ, 2024ರಲ್ಲಿ ಕಂಪನಿ ಕೆಲಸ ಬಿಟ್ಟು ಹೋಗದಿರಲಿ ಅಂತ ಇನ್ನೂ 14.8 ಕೋಟಿ ಡಾಲರ್ ಸೇರಿಸಿ ಕೊಟ್ಟರು.

ಟೆಂಡರ್ ತಾತ
ಇದನ್ನೇ ನಾನು ಹೇಳುವುದು. ತೀರಾ ಕಡಿಮೆ ರೇಟು ಬಂದಾಗ ಖುಷಿ ಪಡಬಾರದು, ಹೆದರಬೇಕು. ಅವನಿಗೆ ಕೆಲಸ ಅರ್ಥವಾಗಿಲ್ಲ, ಇಲ್ಲವೇ ಆಮೇಲೆ ಕೇಳಿದರಾಯಿತು ಅಂದುಕೊಂಡಿದ್ದಾನೆ.

ರಾಯಚೂರು ರೊಟ್ಟಿ
ನಾ ಮೊದ್ಲೇ ಹೇಳಿದ್ದೆ, ಚೀನಾ ಟಾರ್ಚ್ ಅಂತ.

ಹಳಿ ಹುಚ್ಚ
ಆ ಬಿರುಕು ಬಿಟ್ಟ 120 ಕೊರಿಯಾ ಕಂಪನಿಯವು ರೀ! ಮತ್ತೆ ಸಿಂಗಾಪುರದಲ್ಲಿ ಬಿರುಕು ಕಂಡ 26 ಗಾಡಿ ಜಪಾನಿನ ಕವಾಸಾಕಿ, ಚೀನಾದ ಸಿಫಾಂಗ್ ಎರಡೂ ಸೇರಿ ಮಾಡಿದ್ದು. ಅಲ್ಲಿ ವಾರಂಟಿ ಗಟ್ಟಿಯಾಗಿ ಬರೆಸಿಕೊಂಡಿದ್ರು, ಕಂಪನಿ ತನ್ನ ಖರ್ಚಿನಲ್ಲೇ ವಾಪಸ್ ಒಯ್ದು ಸರಿಮಾಡಿತು. ಜನಕ್ಕೆ ವಿಷಯ ಗೊತ್ತಾಗಿದ್ದೇ 2016ರಲ್ಲಿ ಪತ್ರಿಕೆಯವರು ಬರೆದಾಗ.

ಡೊಂಬಿವಲಿ ರಿಟರ್ನ್
ನಮ್ಮ ಎಲ್‌ಎಚ್‌ಬಿ ಡಬ್ಬಿ ಕೆಂಪು-ಬೂದು ಬಣ್ಣದ್ದು ಜರ್ಮನಿದು ಅಂತಾರಲ್ಲ, ಅದೂ ಮೊದಲ ಬಂದಾಗ ಮಲಗಿದೋರನ್ನ ಎಬ್ಬಿಸೂಹಂಗ ಜಗ್ಗತಿತ್ತು.

ಹಳಿ ಹುಚ್ಚ
ಕಪ್ಲಿಂಗ್ ಸಮಸ್ಯೆ ಅದು, ಆಮೇಲೆ ಡ್ರಾಫ್ಟ್ ಗೇರ್ (ಕೊಂಡಿಯ ಜಗ್ಗಾಟ ತಡೆಯೋ ಸಾಧನ) ಬದಲಿಸಿದ ಮೇಲೆ ಕಡಿಮೆ ಆಯ್ತು. ಎಲ್‌ಎಚ್‌ಬಿಯೇ ನನ್ನ ಉತ್ತರ ನೋಡಿ. ಹೊಸ ಶತಮಾನದ ಶುರುವಿನಲ್ಲಿ 24 ಡಬ್ಬಿ ಮಾತ್ರ ಜರ್ಮನಿಯಿಂದ ಬಂದವು. ಜೊತೆಗೆ ವಿನ್ಯಾಸ ಕೊಂಡರು, ಕಪುರ್ತಲಾದವರು ಕಲಿತರು. ಹಳೇ ಐಸಿಎಫ್ ಮಾದರಿಗಿಂತ ದುಬಾರಿ ಅಂತ ವರ್ಷಗಟ್ಟಲೆ ಎರಡನ್ನೂ ಮಾಡ್ತಾ ಹೋದರು, ಹಳೇದು ನಿಂತದ್ದು 2018ರಲ್ಲಿ. ಹಳೇದಕ್ಕೆ ಆಯಸ್ಸು 25 ವರ್ಷ, ಇದಕ್ಕೆ 35. ಹಳೇದರ ಶೌಚಾಲಯದ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗೋದು ಎಲ್ಲರೂ ನೋಡಿದ್ದೇ. ಇದು ಸ್ಟೇನ್‌ಲೆಸ್ ಸ್ಟೀಲ್. ಅಪಘಾತವಾದರೆ ಒಂದರ ಮೇಲೊಂದು ಹತ್ತೋದು ಕಡಿಮೆ. ಆ ಇಪ್ಪತ್ತು ವರ್ಷ ನಿಧಾನ ಮಾಡಿ ಉಳಿಸಿದ ದುಡ್ಡು ನಿಜಕ್ಕೂ ಉಳಿತಾಯವಾ ಅಂತ ನಾನು ಇವತ್ತಿಗೂ ಕೇಳ್ತೀನಿ.

ಟೆಂಡರ್ ತಾತ
ಆಗ ದುಡ್ಡೇ ಇರಲಿಲ್ಲಪ್ಪ. ಇದ್ದ ದುಡ್ಡಿಗೆ ಹತ್ತು ಒಳ್ಳೆಯ ಡಬ್ಬಿಯೋ, ಹದಿನೈದು ಸುಮಾರಾದ ಡಬ್ಬಿಯೋ ಅಂತ ಕೂತವನ ಸಂಕಟ ನಿನಗೆ ಗೊತ್ತಿಲ್ಲ. ಹತ್ತು ತಂದರೆ ಐದು ಊರಿಗೆ ಗಾಡಿಯೇ ಇಲ್ಲ.

ಕಾರಟಗಿ ಭತ್ತ
ತಾತಾರ ಮಾತು ಖರೆ. ನಮಗ ಬಂದದ್ದು ಹಳೇ ಡಬ್ಬಿನೇ. ಆದ್ರೂ ಬಂದ ದಿನ ಊರ ಮಂದಿ ಹಾರ ಹಾಕಿ ಕಾಯಿ ಒಡದ್ರು. ಡಬ್ಬಿ ಹೊಸದು ಬರೂತನ ತಡೀರಿ ಅಂದಿದ್ರ ಇನ್ನೂ ಬಸ್ ಸ್ಟ್ಯಾಂಡಿನಾಗ ನಿಂತಿರ್ತಿದ್ವಿ.

ದಿನಾ ಹೋಗೋಳು
ನಿಮಗೆ ಹಾರ, ನನಗೆ ಚಿಲಕ ಇಲ್ಲದ ಬಾಗಿಲು. ಎರಡೂ ಒಂದೇ ಗಾಡಿ.

ತೋರಣಗಲ್ ಫಿಟ್ಟರ್
ಅಕ್ಕ, ಚಿಲಕಕ್ಕೆ ಹೊಸ ಗಾಡಿ ಬೇಕಿಲ್ಲ. ಒಂದು ಸ್ಕ್ರೂಡ್ರೈವರ್, ನಾಲ್ಕು ಸ್ಕ್ರೂ. ಒಳ್ಳೇ ಕಂಪನಿಯ ಗಾಡಿ ತಂದು ನೋಡೋರಿಲ್ಲದೆ ಬಿಟ್ರೂ ಐದು ವರ್ಷಕ್ಕೆ ಹಿಂಗೇ ಆಗುತ್ತೆ.

ಮುನಿರಾಬಾದ್ ಮಂದಿ
ಇವತ್ತ ಮತ್ತ ಗಾಡಿಯೊಳಗ ಕುಂತು ಅರ್ಜಿ ಬರದೀವಿ. ಕಂಪನಿ ಹೆಸರು ಹಾಕಿಲ್ಲ. ಬ್ಯಾಂಕಿನಾಂವ ಸಿಟ್ಟಾಗ್ಯಾನ. ಬರದದ್ದು ಇಷ್ಟು: ಸಣ್ಣ ಸ್ಟೇಷನ್ನಿಗೂ ಹೊಂದೂ ಮೆಟ್ಟಿಲು, ಒಳಗಿಂದ ಬೀಳೂ ಚಿಲಕ, ಅದಿರು ಧೂಳಿಗೆ ತಡಿಯೂ ಫಿಲ್ಟರು, ಕೆಟ್ರ ಹುಬ್ಬಳ್ಳಿಯೊಳಗ ಸಿಗೂ ಬಿಡಿಭಾಗ, ಮತ್ತ ಬೀಳಲಾರದ ಕಿಟಕಿ. ಏಸಿ ಬರೀಬೇಕೋ ಬ್ಯಾಡೋ ಅಂತ ಕೈ ಎತ್ತಿಸಿದ್ವಿ, ಏಳು ಮಂದಿ ಬೇಕು ಅಂದ್ರು, ಒಂಬತ್ತು ಮಂದಿ ಪಾಸಿನ ರೇಟ್ ಕೇಳಿದ ಮ್ಯಾಲ ಹೇಳ್ತೀವಿ ಅಂದ್ರು.

ಹಳಿ ಹುಚ್ಚ
ಚೆನ್ನಾಗಿದೆ. ಮೇಲೆ ವಿಷಯ ಅಂತ ಏನು ಹಾಕಿದೀರಿ?

ಮುನಿರಾಬಾದ್ ಮಂದಿ
"ಹೊಸ ಬೋಗಿಗಳ ಕುರಿತು".

ಹಳಿ ಹುಚ್ಚ
ಅಯ್ಯೋ!

ರಾಯಚೂರು ರೊಟ್ಟಿ
ತಿದ್ದಬ್ಯಾಡ್ರಿ. ಹಂಗೇ ಕಳಸ್ರಿ.